ಕಟ್ಟಿ ವರ್ಷಗಳಾದ ಮೇಲೆ: 1/6 ಅಳತೆಯ ಹೋಂಡಾ ಸಿಬಿ750 ಕಿಟ್

ಸ್ಕೇಲ್ ಮಾಡೆಲ್ ಕಿಟ್‌ಗಳ (ಬಿಡಿಭಾಗ ಜೋಡಿಸಿ ನಿಜವಾದ ವಾಹನದ ಚಿಕ್ಕ ಪ್ರತಿರೂಪ ಕಟ್ಟುವ ಪೆಟ್ಟಿಗೆಗಳ) ಬಗ್ಗೆ ಓದಲು ಸಿಗುವ ವಿಮರ್ಶೆಗಳು ಹೆಚ್ಚಾಗಿ ಪೆಟ್ಟಿಗೆ ತೆರೆದ ದಿನ ಬರೆದವು, ಇಲ್ಲವೇ ಕಟ್ಟಿ ಮುಗಿಸಿದ ವಾರ ಬರೆದವು. ಆಗ ಬಣ್ಣ ಹೊಸದು, ಕ್ರೋಮ್ ಹೊಸದು, ಟೈರಿನ ಮೇಲೆ ಧೂಳೂ ಕೂತಿರುವುದಿಲ್ಲ. ಕಟ್ಟುವ ಕೆಲಸ ಕೆಲವು ತಿಂಗಳಲ್ಲಿ ಮುಗಿದುಹೋಗುತ್ತದೆ, ಮಾಡೆಲ್ ಮಾತ್ರ ವರ್ಷಗಟ್ಟಲೆ ಕಣ್ಣೆದುರಿಗೇ ಇರುತ್ತದೆ. ಹೋಂಡಾ ಸಿಬಿ750 ಫೋರ್ ಬೈಕಿನ 1/6 ಕಿಟ್ (ನಿಜದ ಆರನೇ ಒಂದು ಅಳತೆ) ಕಟ್ಟಿ, ನನಗೆ ಬೇಕಾದ ಹಾಗೆ ಒಂದಿಷ್ಟು ಬದಲಿಸಿ, ಶೆಲ್ಫಿನಲ್ಲಿಟ್ಟು ಬಹಳ ಕಾಲವಾಯಿತು. ಅಷ್ಟು ಕಾಲದಲ್ಲಿ ಯಾವುದು ಉಳಿಯಿತು, ಯಾವುದು ಕೆಟ್ಟಿತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೋಟಾರ್‌ಸೈಕಲ್ ಮೇಲೆ ಪ್ರೀತಿ ಇರುವವರು ಕಟ್ಟಲೇಬೇಕಾದ ಕಿಟ್ ಇದು. ಆದರೆ ಪೆಟ್ಟಿಗೆಯಲ್ಲಿ ಬರುವ ಕ್ರೋಮ್, ಮೆದು ಟೈರು, ವಿನೈಲ್ ಕೊಳವೆ ಈ ಮೂರನ್ನೂ ಬಂದ ಹಾಗೇ ಜೋಡಿಸಬೇಡಿ. ಕಾಲ ಕಳೆದಂತೆ ತೊಂದರೆ ಕೊಡುವುದು ಇವೇ.

ಈ ಬೈಕನ್ನೇ ಆರಿಸಿಕೊಂಡದ್ದು ಎಂಜಿನ್ನಿಗಾಗಿ. 1968ರ ಟೋಕಿಯೊ ಮೋಟಾರ್ ಶೋನಲ್ಲಿ ಕಾಣಿಸಿಕೊಂಡು 1969ರಲ್ಲಿ ಮಾರಾಟಕ್ಕೆ ಬಂದ ಸಿಬಿ750ಯಲ್ಲಿ ನಾಲ್ಕು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ಅಡ್ಡಡ್ಡ ಕೂತಿವೆ. 736 ಸಿಸಿ, 67 ಅಶ್ವಶಕ್ತಿ, ನಾಲ್ಕು ಕಾರ್ಬ್ಯುರೇಟರ್, ನಾಲ್ಕು ಸೈಲೆನ್ಸರ್, ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ಯಾವುದಕ್ಕೂ ಮುಚ್ಚಳವಿಲ್ಲ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಾರಿನ ಮಾಡೆಲ್ ಕಟ್ಟಿದರೆ ಬಾನೆಟ್ ಮುಚ್ಚಿದ ಕೂಡಲೇ ಅರ್ಧ ಕೆಲಸ ಮರೆಯಾಗುತ್ತದೆ. ಇಲ್ಲಿ ಪಟ್ಟ ಶ್ರಮ ಬಹುಪಾಲು ಹೊರಗೇ ಉಳಿಯುತ್ತದೆ, ಸರಿಯಾಗಿ ಮಾಡದ ಕೆಲಸವೂ ಹಾಗೆಯೇ.

ಇದೇ ಬೈಕು 1/12 ಅಳತೆಯಲ್ಲೂ ಸಿಗುತ್ತದೆ. ಜಾಗ ಕಡಿಮೆ ಇರುವವರಿಗೆ ಅದು ಅನುಕೂಲ, ಕಟ್ಟಿದ ಮೇಲೆ ಸುಮಾರು 18 ಸೆಂಟಿಮೀಟರ್ ಉದ್ದ. 1/6 ಆದರೆ 36 ಸೆಂಟಿಮೀಟರ್. ಉದ್ದ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟಾಗುತ್ತದೆ ಎಂಬುದು ಶೆಲ್ಫಿನಲ್ಲಿ ಇಡುವಾಗ ಗೊತ್ತಾಗುತ್ತದೆ. ಆದರೂ ನಾನು 1/6 ಅನ್ನೇ ಹೇಳುವುದು. ಚಕ್ರದ ಕಡ್ಡಿ, ಕೇಬಲ್, ಚೈನು ಇವು ನಿಜವಾದ ದಪ್ಪಕ್ಕೆ ಹತ್ತಿರ ಬರುವುದು ಈ ಅಳತೆಯಲ್ಲಿ. 1/12ರಲ್ಲಿ ಪ್ಲಾಸ್ಟಿಕ್ಕಿನ ಕಡ್ಡಿ ಎಷ್ಟೇ ತೆಳುವಾಗಿ ಅಚ್ಚು ಹಾಕಿದರೂ ದಪ್ಪವಾಗಿಯೇ ಕಾಣುತ್ತದೆ.

ಈಗ ಕ್ರೋಮ್ ವಿಷಯ. ಕಿಟ್‌ನ ಹೊಳೆಯುವ ಭಾಗಗಳ ಮೇಲಿರುವುದು ನಿಜವಾದ ಕ್ರೋಮ್ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಒಂದು ಪದರ ಲ್ಯಾಕರ್ ಹಾಕಿ, ಅದರ ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಮ್ ಕೂರಿಸಿರುತ್ತಾರೆ. ಇದರಿಂದ ಎರಡು ತಾಪತ್ರಯ. ಮಾಡೆಲ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ಮಧ್ಯೆ ಲೇಪನ ಇದ್ದರೆ ಅದು ಪ್ಲಾಸ್ಟಿಕ್ಕಿಗೆ ತಲುಪುವುದೇ ಇಲ್ಲ. ಕೂಡುವ ಜಾಗದಲ್ಲಿ ಬ್ಲೇಡಿನಿಂದ ಕೆರೆದು ಬರಿಯ ಪ್ಲಾಸ್ಟಿಕ್ ಕಾಣಿಸಿದ ಮೇಲೆಯೇ ಅಂಟು ಹಚ್ಚಬೇಕು. ಇನ್ನೊಂದು, ಸೈಲೆನ್ಸರ್ ಎರಡು ಹೋಳಾಗಿ ಬರುತ್ತದೆ, ಕೂಡಿಸಿದಾಗ ಉದ್ದಕ್ಕೂ ಗೆರೆ ಬೀಳುತ್ತದೆ. ಆ ಗೆರೆ ಉಜ್ಜಿದರೆ ಕ್ರೋಮ್ ಹೋಗುತ್ತದೆ, ಬಿಟ್ಟರೆ ನಾಲ್ಕೂ ಸೈಲೆನ್ಸರ್ ಮೇಲೆ ಗೆರೆ ಉಳಿಯುತ್ತದೆ.

ದಾರಿ ಒಂದೇ, ಪೂರ್ತಿ ತೆಗೆದುಬಿಡುವುದು. ಬಟ್ಟೆಗೆ ಬಳಸುವ ಕ್ಲೋರಿನ್ ಬ್ಲೀಚ್‌ನಲ್ಲಿ ಮುಳುಗಿಸಿಟ್ಟರೆ ಅಲ್ಯೂಮಿನಿಯಮ್ ಕರಗಿಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ, ಬ್ಲೀಚಿಗೆ ಆಮ್ಲವಿರುವ ಯಾವ ಕ್ಲೀನರನ್ನೂ ಬೆರೆಸಲೇಬೇಡಿ, ವಿಷಾನಿಲ ಹುಟ್ಟುತ್ತದೆ. ಆಮೇಲೆ ಜೋಡಿಸಿ, ಗೆರೆ ತುಂಬಿ, ನಯವಾಗುವ ತನಕ ಉಜ್ಜಿ, ಹೊಳಪಿನ ಕಪ್ಪು ಬಣ್ಣ ಹೊಡೆಯಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಿಂದ ಅಲ್‌ಕ್ಲಾಡ್ ಬ್ರ್ಯಾಂಡಿನ ತರಹದ ಕ್ರೋಮ್ ಲ್ಯಾಕರನ್ನು ತೀರಾ ತೆಳುವಾಗಿ ಹಾಯಿಸಬೇಕು. ಕೆಳಗಿನ ಕಪ್ಪು ಕನ್ನಡಿಯಷ್ಟು ನಯವಾಗಿದ್ದರೆ ಮಾತ್ರ ಮೇಲಿನ ಪದರ ಕ್ರೋಮ್ ಆಗುತ್ತದೆ, ಇಲ್ಲದಿದ್ದರೆ ಬೂದು ಬಣ್ಣವಾಗಿ ನಿಲ್ಲುತ್ತದೆ. ವರ್ಷಗಳಾದ ಮೇಲೆ ಎರಡನ್ನೂ ಪಕ್ಕಪಕ್ಕ ನೋಡುತ್ತಿದ್ದೇನೆ. ಕಿಟ್‌ನ ಲೇಪನವನ್ನೇ ಉಳಿಸಿಕೊಂಡ ಸಣ್ಣ ಭಾಗಗಳ ಅಂಚಿನಲ್ಲಿ ಅದು ಸವೆದು ಪ್ಲಾಸ್ಟಿಕ್ ಇಣುಕುತ್ತಿದೆ. ನಾನು ಬಳಿದ ಸೈಲೆನ್ಸರ್‌ಗಳು ಹಾಗೇ ಇವೆ. ಒಂದು ಎಚ್ಚರಿಕೆ ಮಾತ್ರ: ಈ ಲ್ಯಾಕರ್ ಮುಟ್ಟಿದರೆ ಮಸುಕಾಗುತ್ತದೆ, ಬೆರಳಿನ ಗುರುತು ಉಳಿದುಬಿಡುತ್ತದೆ. ಎತ್ತುವಾಗ ಫ್ರೇಮ್ ಹಿಡಿದೇ ಎತ್ತಬೇಕು.

ಸೂಪರ್ ಗ್ಲೂವನ್ನು ಹೊಳೆಯುವ ಭಾಗಗಳ ಹತ್ತಿರ, ಹೆಡ್‌ಲೈಟ್ ಗಾಜಿನ ಹತ್ತಿರ ತರಬೇಡಿ. ಅದರ ಆವಿಯಿಂದಲೇ ಬಿಳಿ ಮಬ್ಬು ಕೂರುತ್ತದೆ. ಗಾಜಿಗೆ ಮರಗೆಲಸದ ಬಿಳಿ ಅಂಟು ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ.

ಟ್ಯಾಂಕಿನ ಬಣ್ಣಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಸಿಬಿ750ಯ ಮೊದಲ ವರ್ಷದ ಬಣ್ಣಗಳೆಲ್ಲ ಕ್ಯಾಂಡಿ ಬಣ್ಣಗಳು: ನೀಲಿ ಹಸಿರು, ಮಾಣಿಕ್ಯದ ಕೆಂಪು, ಹೊನ್ನಿನ ಬಣ್ಣ. ಕ್ಯಾಂಡಿ ಎಂದರೆ ಕೆಳಗೆ ಬೆಳ್ಳಿ ಇಲ್ಲವೇ ಚಿನ್ನದ ಲೋಹದ ಬಣ್ಣ, ಅದರ ಮೇಲೆ ಪಾರದರ್ಶಕ ಬಣ್ಣ, ಅದರ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ. ಬೆಳಕು ಬಣ್ಣದ ಪದರ ದಾಟಿ ಕೆಳಗಿನ ಲೋಹಕ್ಕೆ ತಗುಲಿ ಮತ್ತೆ ಅದೇ ಪದರದ ಮೂಲಕ ಹೊರಗೆ ಬರುತ್ತದೆ, ಆ ಆಳ ಬರುವುದು ಹಾಗೆ. ಪ್ರತಿ ಸುತ್ತು ಹೊಡೆದಾಗಲೂ ಬಣ್ಣ ಗಾಢವಾಗುತ್ತ ಹೋಗುವುದರಿಂದ ಟ್ಯಾಂಕ್, ಸೈಡ್ ಕವರ್, ಹೆಡ್‌ಲೈಟ್ ಚಿಪ್ಪು ಎಲ್ಲವನ್ನೂ ಒಂದೇ ಹೊತ್ತಿಗೆ, ಒಂದೇ ಲೆಕ್ಕದ ಸುತ್ತುಗಳಲ್ಲಿ ಹೊಡೆಯಬೇಕು. ಬೇರೆ ಬೇರೆ ದಿನ ಹೊಡೆದರೆ ಬಣ್ಣ ಕೂಡಿ ಬರುವುದಿಲ್ಲ. ಮೊದಲು ಪ್ಲಾಸ್ಟಿಕ್ ಚಮಚಗಳ ಮೇಲೆ ಎರಡು ಸುತ್ತು, ಮೂರು ಸುತ್ತು, ನಾಲ್ಕು ಸುತ್ತು ಎಂದು ಬೇರೆ ಬೇರೆ ಹೊಡೆದು, ಬಿಸಿಲಿಗೆ ಹಿಡಿದು ನೋಡಿ ಆರಿಸಿಕೊಳ್ಳಿ.

ಪದರದ ದಪ್ಪದ ಬಗ್ಗೆಯೂ ಯೋಚಿಸಬೇಕು. 1/6 ಮಾಡೆಲಿನ ಮೇಲೆ 50 ಮೈಕ್ರಾನ್ ಬಣ್ಣ ಎಂದರೆ ನಿಜವಾದ ಬೈಕಿನ ಮೇಲೆ 0.3 ಮಿಲಿಮೀಟರ್ ಬಣ್ಣ ಬಳಿದ ಹಾಗೆ. ಪ್ರೈಮರ್, ಬೆಳ್ಳಿ, ಕ್ಯಾಂಡಿ, ಕ್ಲಿಯರ್ ಎಲ್ಲ ಸೇರಿ ಸೈಡ್ ಕವರಿನ ಅಂಚುಗಳು ಮೊಂಡಾಗಿ, ಮಾಡೆಲ್ ಆಟಿಕೆಯಂತೆ ಕಾಣತೊಡಗುತ್ತದೆ. ಕ್ಲಿಯರ್ ಒಣಗಿದ ಮೇಲೆ 4000, 8000 ನಂಬರಿನ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ ಪಾಲಿಶ್ ಮಾಡುವಾಗ ಅಂಚುಗಳನ್ನು ಮುಟ್ಟಲೇಬೇಡಿ. ಕ್ಯಾಂಡಿ ಸವೆದು ಬೆಳ್ಳಿ ಕಂಡರೆ ಅಲ್ಲಿಗಷ್ಟೇ ತೇಪೆ ಹಾಕಲು ಬರುವುದಿಲ್ಲ, ಇಡೀ ಭಾಗ ಮತ್ತೆ ಮೊದಲಿನಿಂದ ಮಾಡಬೇಕು. ಎರಡು ಭಾಗ ಬೆರೆಸುವ ಯುರೆಥೇನ್ ಕ್ಲಿಯರ್ ಹೊಳಪಿಗೂ ಬಾಳಿಕೆಗೂ ಉತ್ತಮ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ, ಉಸಿರಿಗೆ ಹಾನಿ ಮಾಡುವ ರಾಸಾಯನಿಕ ಇರುತ್ತದೆ, ಧೂಳಿಗೆ ಹಾಕುವ ಬಟ್ಟೆಯ ಮಾಸ್ಕ್ ಅದಕ್ಕೆ ಏನೇನೂ ಸಾಲದು. ಸರಿಯಾದ ಉಸಿರಾಟದ ರಕ್ಷಣೆ, ಗಾಳಿ ಹೊರಗೆ ಎಳೆಯುವ ವ್ಯವಸ್ಥೆ ಇಲ್ಲದವರು ಸಾಮಾನ್ಯ ಲ್ಯಾಕರ್ ಕ್ಲಿಯರ್ ಬಳಸಿ.

ಪಾರದರ್ಶಕ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ. ನನ್ನದು ನೀಲಿ ಹಸಿರು, ಕಿಟಕಿಯ ನೇರ ಬೆಳಕು ಬೀಳದ ಕಡೆ ಇದೆ, ಇನ್ನೂ ಬಣ್ಣ ಬಿಟ್ಟಿಲ್ಲ. ಡೆಕಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ, ಚಿತ್ರಗಳ) ಬಗ್ಗೆ ಒಂದೇ ಮಾತು: ಹಳೆಯ ಸ್ಟಾಕಿನ ಹಾಳೆ ಹಳದಿಯಾಗಿದ್ದರೆ ಬಿಸಾಡಬೇಡಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟರೆ ಹಳದಿ ಬಹಳಷ್ಟು ಹೋಗುತ್ತದೆ.

ಎಂಜಿನ್ನಿನ ವೈರಿಂಗ್ ಬಗ್ಗೆ ಬರೆಯುವುದು ನನಗೆ ಬಹಳ ಖುಷಿಯ ವಿಷಯ. ಮಾಡೆಲಿಗೆ ಜೀವ ಬರುವುದೇ ಇಲ್ಲಿ. ಕಿಟ್ ಕೊಡುವ ವಿನೈಲ್ ಕೊಳವೆಗಳು ಒಂದೇ ದಪ್ಪದವು. ನಿಜದಲ್ಲಿ ಸ್ಪಾರ್ಕ್ ಪ್ಲಗ್ ವೈರು ಸುಮಾರು 7 ಮಿಲಿಮೀಟರ್, ಈ ಅಳತೆಗೆ 1.2. ಆಕ್ಸಿಲರೇಟರ್ ಕೇಬಲ್ ಅದಕ್ಕಿಂತ ತೆಳು, ಬ್ರೇಕ್ ಹೋಸ್ ದಪ್ಪ. ಮೂರು ದಪ್ಪದ ಕೊಳವೆ ತಂದರೆ ನೋಟವೇ ಬದಲಾಗುತ್ತದೆ. ಟ್ಯಾಂಕಿನ ಕೆಳಗೆ ಎರಡು ಇಗ್ನಿಷನ್ ಕಾಯಿಲ್ ಇವೆ. ಒಂದರಿಂದ ಹೊರಡುವ ವೈರುಗಳು 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದರವು 2 ಮತ್ತು 3ಕ್ಕೆ ಹೋಗಬೇಕು. ಜೋಡಿಯಾದ ಎರಡು ಪಿಸ್ಟನ್‌ಗಳು ಒಟ್ಟಿಗೇ ಮೇಲೆ ಬರುತ್ತವೆ, ಕಾಯಿಲ್ ಎರಡಕ್ಕೂ ಒಮ್ಮೆಲೇ ಕಿಡಿ ಕೊಡುತ್ತದೆ, ಉರಿಯುವ ಹಂತದಲ್ಲಿರುವುದು ಮಾತ್ರ ಉರಿಯುತ್ತದೆ. ಇದು ತಿಳಿದಿದ್ದರೆ ವೈರು ಎಳೆಯುವಾಗ ಕೈಗೆ ದಾರಿ ತಾನಾಗಿಯೇ ಸಿಗುತ್ತದೆ.

ಯಾವ ವರ್ಷದ ಬೈಕು ಕಟ್ಟುತ್ತಿದ್ದೀರಿ ಎಂಬುದನ್ನೂ ಮೊದಲೇ ತೀರ್ಮಾನಿಸಿ. ತೀರಾ ಮೊದಲಿನ ಬೈಕುಗಳಲ್ಲಿ ಹ್ಯಾಂಡಲ್‌ನಿಂದ ಬಂದ ಒಂದು ಆಕ್ಸಿಲರೇಟರ್ ಕೇಬಲ್ ನಾಲ್ಕಾಗಿ ಕವಲೊಡೆದು ನಾಲ್ಕು ಕಾರ್ಬ್ಯುರೇಟರಿಗೂ ಹೋಗುತ್ತಿತ್ತು. ಆಮೇಲಿನವುಗಳಲ್ಲಿ ಎಳೆಯಲು ಒಂದು, ಮುಚ್ಚಲು ಒಂದು ಎಂದು ಎರಡು ಕೇಬಲ್, ಕಾರ್ಬ್ಯುರೇಟರ್‌ಗಳನ್ನು ಕೂಡಿಸಲು ಲಿಂಕೇಜ್. ಒಂದರ ಎಂಜಿನ್ನಿಗೆ ಇನ್ನೊಂದರ ಕೇಬಲ್ ಹಾಕಿದರೆ ಬಲ್ಲವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಡ್ರೈ ಸಂಪ್ ಎಂಜಿನ್ (ಆಯಿಲ್ ಎಂಜಿನ್ನಿನ ಅಡಿಯಲ್ಲಿ ಶೇಖರವಾಗದಂಥದ್ದು) ಆದ್ದರಿಂದ ಬಲಗಡೆ ಸೈಡ್ ಕವರಿನ ಹಿಂದೆ ಪ್ರತ್ಯೇಕ ಆಯಿಲ್ ಟ್ಯಾಂಕ್ ಇದೆ, ಅದರಿಂದ ಎಂಜಿನ್ನಿಗೆ ಹೋಗುವ ಎರಡು ಹೋಸ್‌ಗಳನ್ನು ಮರೆಯಬಾರದು.

ಬಾಳಿಕೆಯ ಮಾತಿಗೆ ಬಂದರೆ, ವಿನೈಲ್ ಕೊಳವೆ ವರ್ಷ ಕಳೆದಂತೆ ಬಿಗಿಯಾಗಿ, ಕೂರಿಸಿದ ಜಾಗದಿಂದ ಕಿತ್ತು ಹೊರಗೆ ಬರುತ್ತದೆ. ಒಳಗೆ ತೆಳು ತಾಮ್ರದ ತಂತಿ ಪೋಣಿಸಿ, ತಂತಿಯ ತುದಿಯನ್ನು ಭಾಗದೊಳಗೆ ಕೊರೆದ ರಂಧ್ರಕ್ಕೆ ಸಿಕ್ಕಿಸಿದ ಕೇಬಲ್‌ಗಳು ನನ್ನ ಮಾಡೆಲಿನಲ್ಲಿ ಇವತ್ತಿಗೂ ಬಗ್ಗಿಸಿದ ಆಕಾರದಲ್ಲೇ ಇವೆ.

ಟೈರು ಇನ್ನೊಂದು ಕಾಯಂ ತಲೆನೋವು. ಮೆದುವಾದ ಟೈರಿನೊಳಗಿನ ಮೃದುಕಾರಕ ನಿಧಾನವಾಗಿ ಹೊರಬಂದು, ಮುಟ್ಟಿಕೊಂಡಿರುವ ಪ್ಲಾಸ್ಟಿಕ್ ರಿಮ್ಮನ್ನು ತಿನ್ನಬಲ್ಲದು. ಬೈಕ್ ಮಾಡೆಲಿನಲ್ಲಿ ರಿಮ್ಮು ಪೂರ್ತಿ ಹೊರಗೆ ಕಾಣುತ್ತದಾದ್ದರಿಂದ ಕೆಟ್ಟರೆ ಮುಚ್ಚಿಡಲೂ ಆಗದು. ಟೈರು ಕೂರುವ ಜಾಗಕ್ಕೆ ತೆಳು ಅಲ್ಯೂಮಿನಿಯಮ್ ಹಾಳೆ ಸುತ್ತಿ ಆಮೇಲೆ ಟೈರು ಹಾಕಿದೆ, ಈವರೆಗೆ ರಿಮ್ಮಿಗೆ ಏನೂ ಆಗಿಲ್ಲ. ನಡುವಿನ ಅಚ್ಚಿನ ಗೆರೆಯನ್ನು ಒರಟು ಕಾಗದದಿಂದ ಉಜ್ಜಿದರೆ ಸ್ವಲ್ಪ ಓಡಿದ ಟೈರಿನ ನೋಟವೂ ಬರುತ್ತದೆ.

ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಬೈಕು ಚೆಂದ. ಆದರೆ ಇಷ್ಟು ದೊಡ್ಡ ಮಾಡೆಲಿನ ಭಾರ ಒಂದೇ ಕಡ್ಡಿಯ ಮೇಲೆ ವರ್ಷಗಟ್ಟಲೆ ಬಿದ್ದರೆ ಪ್ಲಾಸ್ಟಿಕ್ ತಾನಾಗಿಯೇ ಬಾಗುತ್ತದೆ. ಫ್ರೇಮಿನ ಕೆಳಗೆ ಕಾಣದ ಹಾಗೆ ಒಂದು ಸಣ್ಣ ಮರದ ತುಂಡು ಕೊಡಿ. ಚೈನಿಗೆ ಮಾತ್ರ ತಾಳ್ಮೆ ಬೇಕು. ನಿಜದ 530 ಚೈನಿನ ಒಂದು ಕೊಂಡಿ 15.875 ಮಿಲಿಮೀಟರ್, ಇಲ್ಲಿ ಅದು 2.65. ಲೋಹದ ಚೈನು ಪ್ರತ್ಯೇಕವಾಗಿ ಸಿಕ್ಕರೆ ಹಾಕಿಸಿಕೊಳ್ಳಿ, ಇಳಿಬಿದ್ದಾಗ ಅದಕ್ಕೆ ಬರುವ ಬಳುಕು ಪ್ಲಾಸ್ಟಿಕ್ಕಿಗೆ ಬರುವುದಿಲ್ಲ.

ಕಸ್ಟಮ್ ಕೆಲಸದಲ್ಲಿ ನಾನು ಕೆಫೆ ರೇಸರ್ ದಾರಿ ಹಿಡಿದೆ, ಅಂದರೆ ರಸ್ತೆಯ ಬೈಕಿಗೆ ರೇಸ್ ಬೈಕಿನ ರೂಪ ಕೊಡುವುದು. ತಗ್ಗಿನ ಹ್ಯಾಂಡಲ್, ಪ್ಲಾಸ್ಟಿಕ್ ಹಾಳೆ ಮತ್ತು ಎಪಾಕ್ಸಿ ಪುಟ್ಟಿಯಲ್ಲಿ ಮಾಡಿದ ಒಂಟಿ ಸೀಟು. ಬೈಕ್ ಎಂಜಿನ್‌ಗಳನ್ನು ಚುರುಕುಗೊಳಿಸುವ ಜಪಾನಿನ ಕಂಪನಿ ಯೋಶಿಮುರಾ 1970ರ ದಶಕದ ಆರಂಭದಲ್ಲಿ ಈ ಬೈಕಿಗೆ ತಂದ, ನಾಲ್ಕು ಪೈಪು ಒಂದಾಗುವ ಎಕ್ಸಾಸ್ಟ್ ಇಂಥ ಬೈಕಿಗೆ ಚೆನ್ನಾಗಿ ಒಪ್ಪುತ್ತದೆ. ಆದರೂ ನಾನು ನಾಲ್ಕು ಸೈಲೆನ್ಸರ್ ಬಿಟ್ಟುಕೊಡಲಿಲ್ಲ, ಹಿಂದಿನಿಂದ ನೋಡಿದರೆ ಅವೇ ಈ ಬೈಕಿನ ಗುರುತು. ಹ್ಯಾಂಡಲ್ ತಗ್ಗಿಸುವವರು ಅಂಟು ಹಾಕುವ ಮೊದಲು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಹಿಡಿಕೆ ಟ್ಯಾಂಕಿಗೆ ತಗುಲಬಾರದು. ಕೇಬಲ್, ಬ್ರೇಕ್ ಹೋಸ್ ಎರಡನ್ನೂ ಆ ಎತ್ತರಕ್ಕೆ ತಕ್ಕಂತೆ ಕತ್ತರಿಸಬೇಕು. ಹಳೆಯ ಉದ್ದದಲ್ಲೇ ಬಿಟ್ಟರೆ ಹೆಡ್‌ಲೈಟ್ ಮುಂದೆ ಕುಣಿಕೆಯಾಗಿ ನೇತಾಡುತ್ತವೆ.

ಇದು ಮೊದಲ ಮಾಡೆಲ್ ಆಗಬಾರದು. ಒಂದೆರಡು ಸಣ್ಣ ಕಿಟ್ ಕಟ್ಟಿ ಏರ್‌ಬ್ರಶ್ ಕೈಗೆ ಪಳಗಿದವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ನಾನು ಇದೇ ಕಿಟ್ ಇನ್ನೊಂದು ತಂದಿಟ್ಟುಕೊಂಡಿದ್ದೇನೆ. ಅಮೆರಿಕದಲ್ಲಿ ನಡೆದ 1970ರ ಡೇಟೋನಾ 200 ಬೈಕ್ ರೇಸನ್ನು ರೇಸರ್ ಡಿಕ್ ಮ್ಯಾನ್ ಗೆದ್ದದ್ದು ಹೋಂಡಾದ ಇದೇ ನಾಲ್ಕು ಸಿಲಿಂಡರಿನ ರೇಸ್ ಬೈಕಿನ ಮೇಲೆ. ಅದಕ್ಕೆ ಬೇಕಾದ ಫೇರಿಂಗ್ (ಗಾಳಿ ಸೀಳಲು ಬೈಕಿನ ಮುಂದೆ ಹಾಕುವ ಹೊದಿಕೆ) ಪೆಟ್ಟಿಗೆಯಲ್ಲಿಲ್ಲ. ಮರದ ಅಚ್ಚು ಕೆತ್ತಿ, ಪ್ಲಾಸ್ಟಿಕ್ ಹಾಳೆ ಕಾಯಿಸಿ ಅದರ ಮೇಲೆ ಎಳೆದು ತೆಗೆಯಬೇಕು. ಅಚ್ಚಿನ ಮರ ಕತ್ತರಿಸಿ ಇಟ್ಟಿದ್ದೇನೆ.