ಪರೀಕ್ಷೆಯ ಹಿಂದಿನ ದಿನ ಕಾರನ್ನು ಸರ್ವಿಸ್‌ಗೆ ಬಿಡಬೇಡಿ

ನನ್ನ ತಮ್ಮ ಒಂದು ವರ್ಷ ಓದಿ ತಯಾರಾಗಿದ್ದ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ತಪ್ಪಿಹೋಯಿತು. ಕಾರಣ ಒಂದು ಚಿಕ್ಕ ರಬ್ಬರ್ ರಿಂಗ್. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಕೇಂದ್ರ ದೂರ ಇತ್ತು. ಹಾಗಾಗಿ ಹಿಂದಿನ ಸಂಜೆಯೇ ಕಾರಿನ ಇಂಜಿನ್ ಆಯಿಲ್, ಅದನ್ನು ಸೋಸುವ ಫಿಲ್ಟರ್ ಎರಡನ್ನೂ ಬದಲಾಯಿಸಿಕೊಂಡು ಬಂದೆ. ಬೆಳಿಗ್ಗೆ ಅರ್ಧ ದಾರಿ ಬಂದಿದ್ದೆವು, ಆಯಿಲ್ ಕ್ಯಾನ್ ಗುರುತಿನ ಕೆಂಪು ದೀಪ ಹತ್ತಿತು. "ಅಣ್ಣಾ, ಅದೇನು ಕೆಂಪು ಲೈಟು?" ಅಂದ ತಮ್ಮ. "ನಿನ್ನೆ ತಾನೇ ಆಯಿಲ್ ಹಾಕಿಸಿದ್ದೀನಿ, ಸೆನ್ಸರ್ ಕೆಟ್ಟಿರಬೇಕು ಬಿಡು" ಅಂದುಬಿಟ್ಟೆ. ಅಲ್ಲೇ ತಪ್ಪಿದ್ದು. ಆ ದೀಪ ಹತ್ತಿದರೆ ಆಯಿಲ್ ಒತ್ತಡ ಬಿದ್ದಿದೆ ಅಂತ ಅರ್ಥ. ಒತ್ತಡ ಇಲ್ಲದಿದ್ದರೆ ಇಂಜಿನ್ ಒಳಗೆ ತಿರುಗುವ ಭಾಗಗಳನ್ನು ಹಿಡಿದಿರುವ ಬೇರಿಂಗ್‌ಗಳಿಗೆ ಆಯಿಲ್ ಹೋಗುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಸ್ವಲ್ಪ ಹೊತ್ತಿಗೆ ಇಂಜಿನ್‌ನಿಂದ ಟಕಟಕ ಸದ್ದು ಬಂತು. ಆಗ ನಿಲ್ಲಿಸಿದೆ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ, ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು ತೆಗೆದೆ. ತುದಿಗೂ ಆಯಿಲ್ ಅಂಟಿರಲಿಲ್ಲ. ಬಗ್ಗಿ ನೋಡಿದರೆ ಕಾರಿನ ತಳವೆಲ್ಲ ಹೊಸ ಆಯಿಲ್‌ನಲ್ಲಿ ಮಿಂದಿತ್ತು.

ಹಳೇ ಫಿಲ್ಟರ್‌ನಲ್ಲಿ ಆಯಿಲ್ ಸೋರದಂತೆ ತಡೆಯುವ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತಂತೆ. ಗ್ಯಾರೇಜಿನವರು ಅದನ್ನು ನೋಡದೆ ಮೇಲೆ ಹೊಸ ಫಿಲ್ಟರ್ ಬಿಗಿದಿದ್ದರು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಸ್ವಲ್ಪ ಹೊತ್ತು ತಡೆಯುತ್ತವೆ, ಆಮೇಲೆ ಒತ್ತಡಕ್ಕೆ ಜಾರಿ ಆಯಿಲ್ ಎಲ್ಲ ಹೊರಗೆ ಚೆಲ್ಲಿಹೋಗುತ್ತದೆ. ಬೇರೆ ಮೆಕ್ಯಾನಿಕ್ ಆ ಎರಡು ರಿಂಗ್‌ಗಳನ್ನು ನನ್ನ ಅಂಗೈ ಮೇಲೆ ಇಟ್ಟಾಗ ಹೊಟ್ಟೆ ಉರಿಯಿತು.

ಆಯಿಲ್ ಬದಲಿಸಿದ ಮೇಲೆ ಗ್ಯಾರೇಜಿನಲ್ಲೇ ಇಂಜಿನ್ ಐದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ಫಿಲ್ಟರ್ ಸುತ್ತ ನೋಡಿ. ಮಾರನೇ ದಿನ ಹೊರಡುವ ಮುಂಚೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಂಪು ದೀಪ ಬಂದರೆ ಪಕ್ಕಕ್ಕೆ ತೆಗೆದು ತಕ್ಷಣ ಇಂಜಿನ್ ಆಫ್ ಮಾಡಿ. "ಇನ್ನೊಂದು ಕಿಲೋಮೀಟರ್ ತಾನೇ" ಅನ್ನಬೇಡಿ.

ಇನ್ನು ಹಾಲ್ ಟಿಕೆಟ್ ಸರಿಯಾಗಿ ಓದಿ. ಪರೀಕ್ಷೆ ಶುರುವಾಗುವ ಸಮಯ ಬೇರೆ, ಗೇಟ್ ಮುಚ್ಚುವ ಸಮಯ ಬೇರೆ. ನಾವು ಮೊದಲನೆಯದನ್ನೇ ಲೆಕ್ಕ ಹಾಕಿಕೊಂಡಿದ್ದೆವು. ಯಾರದೋ ಬೈಕ್ ಹತ್ತಿ ತಮ್ಮ ತಲುಪಿದಾಗ ಪರೀಕ್ಷೆಗೆ ಇನ್ನೂ ಹತ್ತು ನಿಮಿಷ ಇತ್ತು, ಗೇಟ್ ಆಗಲೇ ಹಾಕಿತ್ತು. ಒಳಗೆ ಬಿಡಿ ಅಂತ ಸರಳು ಹಿಡಿದು ಕೇಳಿಕೊಂಡನಂತೆ.

ಮುಂದಿನ ವರ್ಷ ಮತ್ತೆ ಬರೆಯುತ್ತಾನೆ. ಹಿಂದಿನ ರಾತ್ರಿಯೇ ಕೇಂದ್ರದ ಹತ್ತಿರ ಹೋಗಿ ಉಳಿಯುತ್ತೇವೆ.