ನಾಲ್ಕು ಬಾಟಲಿಯ ವಾಸನೆ ಕಿಟ್: ದುಡ್ಡು ಕೊಡಬಹುದಾ?

ಕೊರೊನಾ ವಾಸಿಯಾದ ಮೇಲೂ ಮೂಗಿಗೆ ವಾಸನೆ ಹತ್ತದವರಿಗೆ ಅಂತ ಆನ್‌ಲೈನಲ್ಲಿ ಮಾರುವ ಕಿಟ್ ಇದು. ಸಣ್ಣ ಡಬ್ಬಿಯೊಳಗೆ ನಾಲ್ಕು ಕಂದು ಬಾಟಲಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಕಂಪನಿಯವರು ಸುಮ್ನೆ ಆರಿಸಿದ್ದಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಅವರ ತಂಡ ಇವೇ ನಾಲ್ಕನ್ನು 12 ವಾರ ಮೂಸಿಸಿ ನೋಡಿ, 2009ರಲ್ಲೇ ವರದಿ ಬರೆದಿತ್ತು.

ನನಗೆ ಬಂದದ್ದು 2021ರ ಎರಡನೇ ಅಲೆಯಲ್ಲಿ. ಜ್ವರ ಬಿಟ್ಟಿತು, ವಾಸನೆ ಮಾತ್ರ ಇಲ್ಲ. ಹಾಲು ತಳ ಹತ್ತಿದರೆ ನಡುಮನೆಯಿಂದ ಅತ್ತೆಯೇ ಕೂಗಬೇಕು. ಕೆಲವು ತಿಂಗಳಾದ ಮೇಲೆ ಬಂತು ನೋಡಿ, ಎಲ್ಲಾ ಅಡ್ಡಾದಿಡ್ಡಿ. ಈರುಳ್ಳಿ ಬಾಡಿಸಿದರೆ ಟೈರ್ ಸುಟ್ಟ ನಾತ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ನಾನು ಹಿತ್ತಲಲ್ಲಿ. ಇ.ಎನ್.ಟಿ. ಡಾಕ್ಟರ್, "ಗಾಬರಿ ಬೇಡಮ್ಮ, ನರ ಮತ್ತೆ ಚಿಗುರುವಾಗ ಹೀಗೂ ಆಗುತ್ತೆ" ಅಂದು ಈ ಅಭ್ಯಾಸ ಹೇಳಿಕೊಟ್ಟರು. ದಿನಕ್ಕೆರಡು ಸಲ, ಒಂದೊಂದನ್ನು ಸುಮಾರು 20 ಸೆಕೆಂಡ್ ಮೆಲ್ಲಗೆ ಮೂಸಬೇಕು. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತು ಅಂತ ನೆನಪಿಸಿಕೊಳ್ಳಬೇಕು. ಟಿವಿ ನೋಡುತ್ತಾ ಮಾಡುವ ಕೆಲಸವಲ್ಲ.

ಈಗ ಬಾಟಲಿಗಳ ವಿಷಯ. ನೀಲಗಿರಿ ಅಸಲಿ. ಅದರ ತಣ್ಣನೆಯ ಚುರುಕು ಮೊದಲ ದಿನವೇ ಗೊತ್ತಾಗುತ್ತೆ. ವಾಸನೆ ಬಂತು ಅಂತ ಹಿಗ್ಗಬೇಡಿ, ಚುರುಕು ತಿಳಿಸುವುದು ಮುಖದ ಬೇರೊಂದು ನರ. ಲವಂಗವೂ ಚೆನ್ನಾಗಿದೆ, ನನಗೆ ಸರಿಯಾಗಿ ಮೊದಲು ಹತ್ತಿದ ವಾಸನೆ ಅದೇ. ಗುಲಾಬಿ ಮಾತ್ರ ಅಗ್ಗದ ಊದುಬತ್ತಿಯ ಹಾಗಿದೆ ಅಂತ ಮಗಳ ತೀರ್ಪು. ಮೂಗು ಸರಿಯಾದ ಮೇಲೆ ನನ್ನದೂ ಅದೇ. ನಿಂಬೆಯದಂತೂ ತಿಂಗಳೊಳಗೆ ಹಾರಿಹೋಯಿತು. ಆಮೇಲೆ ನಿಂಬೆಹಣ್ಣಿನ ಸಿಪ್ಪೆಯನ್ನೇ ಹಿಂಡಿ ಮೂಸಿದೆ, ಇದಕ್ಕಿಂತ ವಾಸಿ.

ಒಂಬೈನೂರು ಚಿಲ್ಲರೆ ರೂಪಾಯಿಗೆ ಇದು ಜಾಸ್ತಿಯಾಯಿತು. ಒಳಗಿನ ಚೀಟಿ ಬರೀ ಇಂಗ್ಲಿಷ್, ಅದೂ ಇರುವೆಯಷ್ಟು ಅಕ್ಷರ. ಎಣ್ಣೆಯನ್ನು ಮೂಗಿಗೆ ಹಚ್ಚಬಾರದು ಅನ್ನುವ ಮಾತು ಕೊನೆಯ ಸಾಲಿನಲ್ಲಿದೆ. ಅದು ಮೇಲೇ ಇರಬೇಕಿತ್ತು, ಅಲ್ವಾ?

ಮೂರು ಸ್ಟಾರ್ ಕೊಟ್ಟಿದ್ದೇನೆ. ಅಭ್ಯಾಸಕ್ಕೆ ಐದು ಕೊಟ್ಟೇನು, ಡಬ್ಬಿಗೆ ಅಲ್ಲ. ಮೈಸೂರಿನವರಾದರೆ ದೇವರಾಜ ಮಾರ್ಕೆಟ್ಟಿನಲ್ಲಿ ನೀಲಗಿರಿ ಎಣ್ಣೆ ಸಿಗುತ್ತೆ, ಲವಂಗ ಮನೆಯಲ್ಲೇ ಇರುತ್ತೆ. ನನಗೀಗ ಕಾಫಿ ಸರಿಹೋಗಿದೆ. ಬೆಳ್ಳುಳ್ಳಿ ಇನ್ನೂ ಅಷ್ಟಕ್ಕಷ್ಟೆ, ಅದಕ್ಕೇ ಒಗ್ಗರಣೆಗೆ ಇಂಗೇ ಹಾಕುತ್ತಿದ್ದೇನೆ.