ಛಾಪಾ ಕಾಗದದ ‘ದಿವಾಳಿ’ ನಂಬಿ ಹಣ ಕಟ್ಟಬೇಡಿ

‘ನಿಮ್ಮ ಸಾಲವನ್ನೆಲ್ಲ ಕಾನೂನಿನ ಪ್ರಕಾರವೇ ಮುಗಿಸಿಕೊಡುತ್ತೇವೆ, ದಿವಾಳಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ಕಾರವಾರದಲ್ಲಿರುವ ನನ್ನ ಭಾವ ಕೊಟ್ಟರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ದೂರು ವಿಚಾರಣೆಯಲ್ಲಿರುವುದರಿಂದ ಹಣ ಪಡೆದ ಸಂಸ್ಥೆಯ ಹೆಸರು ಹಾಕುತ್ತಿಲ್ಲ.

ಭಾವನವರದು ಬೈತಖೋಲ್ ಬಂದರಿನಿಂದ ಮೀನು ಸಾಗಿಸುವ ಗಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಗಾಡಿಗೂ ಕೆಲಸವಿಲ್ಲ. ಸಾಲದ ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ. ಗಾಡಿ ಸಾಲದ ಕಂತು ಕಟ್ಟಲು ವೈಯಕ್ತಿಕ ಸಾಲ, ಅದನ್ನು ಕಟ್ಟಲು ಕ್ರೆಡಿಟ್ ಕಾರ್ಡ್, ಅದಕ್ಕೂ ಮೇಲೆ ಸಹಕಾರಿ ಸಂಘದ ಸಾಲ ಮತ್ತು ಕೈಸಾಲ. ಸಂಘದ ಸಾಲಕ್ಕೆ ಜಾಮೀನು ನಿಂತವರು ಅಕ್ಕ ಕೆಲಸ ಮಾಡುವ ಶಾಲೆಯ ಮಾಸ್ತರರೊಬ್ಬರು. ಈ ಮಾಸ್ತರರನ್ನು ನೆನಪಿಟ್ಟುಕೊಳ್ಳಿ.

ಸಂಸ್ಥೆಯ ಕಚೇರಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಚಿತ್ರವಿತ್ತು, ಕುರ್ಚಿಯ ಬೆನ್ನಿಗೆ ಕರಿ ಕೋಟು ತೂಗುತ್ತಿತ್ತು. ಅದನ್ನು ತೊಡುವ ವಕೀಲರನ್ನು ಮಾತ್ರ ಭಾವ ಒಮ್ಮೆಯೂ ನೋಡಲಿಲ್ಲ. ಮಾತನಾಡಿದ್ದೆಲ್ಲ ‘ಸಲಹೆಗಾರರು’. ಶುಲ್ಕದ ಜೊತೆಗೆ ಸಹಿ ಮಾಡಿದ ಖಾಲಿ ಚೆಕ್‌ಗಳನ್ನೂ ಪಡೆದರು. ಇಂದಿನಿಂದ ಯಾವ ಕಂತನ್ನೂ ಕಟ್ಟಬೇಡಿ, ಬ್ಯಾಂಕಿನವರ ಫೋನ್ ಎತ್ತಬೇಡಿ ಎಂದರು. ಕೆಲವು ವಾರಗಳ ನಂತರ ಒಂದು ಛಾಪಾ ಕಾಗದ ಕೈಗೆ ಬಂತು: ‘ನಾನು ದಿವಾಳಿಯಾಗಿದ್ದೇನೆ’ ಎಂಬ ಭಾವನವರದೇ ಹೇಳಿಕೆ, ಕೆಳಗೆ ನೋಟರಿ ಮುದ್ರೆ. ಜೊತೆಗಿದ್ದ ಪತ್ರದಲ್ಲಿ, 2016ರ ದಿವಾಳಿ ಸಂಹಿತೆಯ ಪ್ರಕಾರ 180 ದಿನ ಯಾರೂ ಸಾಲ ಕೇಳುವಂತಿಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರೇನೋ. ಆ ಸಂಹಿತೆ ನಿಜವಾಗಿಯೂ ಇದೆ, ವ್ಯಕ್ತಿಗಳ ಸಾಲದ ಭಾಗದಲ್ಲಿ 180 ದಿನಗಳ ತಡೆಯೂ ಇದೆ. ಆದರೆ ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಮೀನಿನ ಗಾಡಿ ಓಡಿಸುವವರಿಗೆ ಇಂದಿಗೂ ಇರುವುದು ಬ್ರಿಟಿಷರ ಕಾಲದ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರಲ್ಲಿ ಅರ್ಜಿ ಹೋಗಬೇಕಾದದ್ದು ನ್ಯಾಯಾಲಯಕ್ಕೆ, ನೋಟರಿಯ ಮೇಜಿಗಲ್ಲ. ಆಸ್ತಿ, ಸಾಲ, ಸಾಲ ಕೊಟ್ಟವರ ಪಟ್ಟಿ ಎಲ್ಲವನ್ನೂ ಕೊಡಬೇಕು. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ ಆಸ್ತಿ ನ್ಯಾಯಾಲಯ ನೇಮಿಸುವ ರಿಸೀವರ್ ವಶಕ್ಕೆ ಹೋಗುತ್ತದೆ. ಋಣಮುಕ್ತಿಗೆ ಬೇರೆಯೇ ಆದೇಶ ಬೇಕು. ಅಷ್ಟಾದರೂ ಅಡವಿಟ್ಟ ಗಾಡಿ, ಬಂಗಾರದ ಮೇಲೆ ಸಾಲ ಕೊಟ್ಟವರ ಹಕ್ಕು ಹೋಗುವುದಿಲ್ಲ. ಭಾವನವರ ಕೈಯಲ್ಲಿದ್ದ ಕಾಗದಕ್ಕೆ ಬೆಲೆ ಇದ್ದದ್ದು ಅದರ ಛಾಪಾ ಶುಲ್ಕದಷ್ಟೇ.

ಪೆಟ್ಟು ಮೊದಲು ಬಿದ್ದದ್ದು ಭಾವನವರಿಗಲ್ಲ, ಮಾಸ್ತರರಿಗೆ. ಕಂತು ನಿಂತ ಕೂಡಲೇ ಸಂಘದ ನೋಟಿಸು ಅವರ ಮನೆಗೆ ಹೋಯಿತು. ಕರಾರು ಕಾಯಿದೆಯಂತೆ ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ. ‘ಮೊದಲು ಅವನನ್ನು ಕೇಳಿ’ ಎನ್ನುವ ಹಾಗಿಲ್ಲ. ಅಕ್ಕ ದಿನವೂ ಅದೇ ಸ್ಟಾಫ್ ರೂಮಿನಲ್ಲಿ ಅವರೆದುರು ಕುಳಿತುಕೊಳ್ಳಬೇಕು. ಅವರು ಒಂದು ಮಾತೂ ಆಡಲಿಲ್ಲ, ಅದೇ ಅಕ್ಕನಿಗೆ ತಡೆಯಲಾಗಲಿಲ್ಲ. ಸಲಹೆಗಾರರನ್ನು ವಿಚಾರಿಸಿದರೆ, ‘ಜಾಮೀನುದಾರರೂ ನಮ್ಮಲ್ಲಿ ನೋಂದಾಯಿಸಿಕೊಳ್ಳಲಿ, ರಿಯಾಯಿತಿ ಕೊಡುತ್ತೇವೆ’ ಎಂದರಂತೆ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಕು.

ದಾರಿ ಸಿಕ್ಕಿದ್ದು ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ. ಸಿರ್ಸಿ, ಕುಮಟಾದಂಥ ಕಡೆಗಳಲ್ಲಿ ತಾಲೂಕು ಸಮಿತಿಗಳಿವೆ, ಸಹಾಯವಾಣಿ 15100. ಮಹಿಳೆಯರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ನೆರವು ಸಿಗುತ್ತದೆ. ಸಂಘದ ಸಾಲದಲ್ಲಿ ಅಕ್ಕನದೂ ಸಹಿ ಇದ್ದುದರಿಂದ ಅರ್ಜಿ ಅವಳ ಹೆಸರಿನಲ್ಲೇ ಹೋಯಿತು. ಅಲ್ಲಿಯ ವಕೀಲೆ ಮೊದಲು ಮಾಡಿದ್ದು ಸಾಲಗಳನ್ನು ಬೇರ್ಪಡಿಸಿದ್ದು: ಜಾಮೀನುದಾರರು ಇರುವ ಸಾಲ ಮೊದಲು, ಗಾಡಿಯದು ನಂತರ, ಕಾರ್ಡ್ ಕೊನೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಕಸುಬಿನ ಹತ್ಯಾರುಗಳನ್ನು ಜಪ್ತಿ ಮಾಡುವಂತಿಲ್ಲ ಎಂದು ತಿಳಿದ ಮೇಲೆ ಅಕ್ಕ ರಾತ್ರಿ ನಿದ್ದೆ ಮಾಡತೊಡಗಿದಳು. ಬ್ಯಾಂಕುಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ 2022ರ ಸುತ್ತೋಲೆಯೇ ಇದೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ನೇಮಿಸಿದ ದೂರು ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೂ ಶುಲ್ಕವಿಲ್ಲ.

ಸಂಘದ ಸಾಲ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಇಲ್ಲೊಂದು ಮಾತು. ಅಲ್ಲಿ ಆದ ರಾಜಿ ನ್ಯಾಯಾಲಯದ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ತಪ್ಪಿದರೆ ನೇರ ಅಮಲ್ಜಾರಿ, ಅಂದರೆ ನ್ಯಾಯಾಲಯದ ಮೂಲಕ ವಸೂಲಿ. ಎದುರಿನವರು ಒಪ್ಪಿದರೆಂಬ ಉಮೇದಿನಲ್ಲಿ ಕೈಲಾಗದ ಮೊತ್ತಕ್ಕೆ ತಲೆಯಾಡಿಸಬೇಡಿ. ಜೂನ್, ಜುಲೈ ತಿಂಗಳುಗಳನ್ನು ಖಾಲಿ ಬಿಟ್ಟು ಕಂತು ಬರೆಸಲು ವಕೀಲೆ ಹಟ ಹಿಡಿದರು. ಬಂದರಿನ ಊರಿನಲ್ಲಿ ಬ್ಯಾಂಕುಗಳು ಇದನ್ನು ತಾವಾಗಿಯೇ ಯೋಚಿಸಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಯಾರಾದರೂ ‘ನಿಮ್ಮ ಕೇಸು ಕೋರ್ಟಿನಲ್ಲಿದೆ’ ಎಂದರೆ ಪ್ರಕರಣದ ಸಂಖ್ಯೆ ಕೇಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕವೂ ಕಾಣುತ್ತದೆ. ವಕಾಲತ್ತಿಗೆ (ನಿಮ್ಮ ಪರ ವಾದಿಸುವ ಅಧಿಕಾರಪತ್ರಕ್ಕೆ) ಸಹಿ ಹಾಕಿದ ವಕೀಲರನ್ನು ಮುಖತಃ ನೋಡದೆ ಹಣ ಕೊಡಬೇಡಿ.

ಖಾಲಿ ಚೆಕ್‌ಗಳು ಇನ್ನೂ ಆ ಸಂಸ್ಥೆಯ ಬಳಿಯೇ ಇವೆ. ಮರಳಿಸಬೇಕೆಂದು ವಕೀಲರ ನೋಟಿಸು ಹೋಗಿದೆ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಾಗಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಇಂಥ ಕಡೆ ಹಣ ಕಟ್ಟಿ ಸುಮ್ಮನಿರುವವರು ರಸೀದಿ, ವಾಟ್ಸಾಪ್ ಸಂದೇಶ, ಫೋನ್ ಪೇ ದಾಖಲೆ ಯಾವುದನ್ನೂ ಅಳಿಸಬೇಡಿ.